ಬಿಸಿಲನ್ನೇರಿ ಹೋಗುವ ವಿಮಾನ



ಬೇಸಿಗೆಯ ಮಧ್ಯಾಹ್ನ ಕವಲಾಪುರದಿಂದ ಪೂರ್ವಕ್ಕೆ ಹೊರಟು, ಕವಠೆ ಮಹಾಂಕಾಳ ದಾಟಿ ಜತ್ತದ ಕಡೆ ಸಾಗಿದರೆ ಎರಡು ನೋಟ ತಪ್ಪದೆ ಕಣ್ಣಿಗೆ ಬೀಳುತ್ತವೆ. ಒಂದು ನೆಲದ ಮೇಲೆ. ಒಣಗಿದ ಹೊಲದ ನಡುವೆ ಇದ್ದಕ್ಕಿದ್ದಂತೆ ಸುಳಿಗಾಳಿ ಎದ್ದು, ಧೂಳು, ಕಸ, ಜೋಳದ ರವದಿಯನ್ನೆಲ್ಲ ಎತ್ತಿಕೊಂಡು ಕಂಬದ ಹಾಗೆ ನಿಲ್ಲುತ್ತದೆ. ಮರಾಠಿಯಲ್ಲಿ ಇದಕ್ಕೇ ವಾವಟಳ ಎನ್ನುತ್ತೇವೆ. ಇನ್ನೊಂದು ಆಕಾಶದಲ್ಲಿ. ಹದ್ದು ರೆಕ್ಕೆ ಚಾಚಿಕೊಂಡು, ಒಮ್ಮೆಯೂ ಬಡಿಯದೆ, ಸುತ್ತುತ್ತ ಸುತ್ತುತ್ತ ಮೇಲೆ ಹೋಗಿ ಚುಕ್ಕೆಯಾಗುತ್ತದೆ. ಈ ಎರಡಕ್ಕೂ ಕಾರಣ ಒಂದೇ. ಬಿಸಿಲಿಗೆ ಕಾದ ನೆಲದಿಂದ ಮೇಲಕ್ಕೇಳುವ ಬಿಸಿಗಾಳಿ. ಸುಳಿಗಾಳಿ ಅದರ ಬುಡ, ಹದ್ದು ಅದರ ತುದಿ ಎಂದು ತಿಳಿದರೂ ನಡೆದೀತು.

ಈ ಬಿಸಿಗಾಳಿಯನ್ನೇ ನಂಬಿ, ಎಂಜಿನ್ ಇಲ್ಲದ ವಿಮಾನದಲ್ಲಿ ನೂರಾರು ಕಿಲೋಮೀಟರ್ ಹೋಗಿಬರುವ ಜನ ಜಗತ್ತಿನಲ್ಲಿ ಇದ್ದಾರೆ. ಆ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು. ಅವರು ವರ್ಷಕ್ಕೊಮ್ಮೆ ಎಲ್ಲಿ ಸೇರುತ್ತಾರೆ ಗೊತ್ತೆ? ಹಸಿರು ತುಂಬಿದ ನಾಡಿನಲ್ಲಷ್ಟೇ ಅಲ್ಲ, ಮಳೆಯೇ ಇಲ್ಲದ ಮರುಭೂಮಿಯ ಗುಡ್ಡಗಾಡಿನಲ್ಲಿ. ಅಮೆರಿಕದ ಪಶ್ಚಿಮಕ್ಕೆ ಸಿಯೆರಾ ನೆವಾಡಾ ಎಂಬ ಪರ್ವತಸಾಲು ಇದೆ. ಅದರ ಪೂರ್ವ ಮಗ್ಗುಲಿಗೆ ಓವೆನ್ಸ್ ಕಣಿವೆ, ಬಿಷಪ್ ಪಟ್ಟಣ, ಇನ್ನೂ ಉತ್ತರಕ್ಕೆ ಮಿಂಡನ್. ಮಳೆಮೋಡವನ್ನೆಲ್ಲ ಪರ್ವತವೇ ತಡೆದುಬಿಡುವುದರಿಂದ ಆ ಸೀಮೆ ಒಣಭೂಮಿ. ನಮಗೆ ಸಹ್ಯಾದ್ರಿ ಮಾಡುವುದೂ ಅದೇ ಅಲ್ಲವೆ? ಆಫ್ರಿಕದ ನಮೀಬಿಯದಲ್ಲಿ ಬಿಟ್ಟರ್‌ವಾಸರ್ ಎಂಬ ಜಾಗವಿದೆ. ಒಣಗಿದ ಕೆರೆಯ ಅಂಗಳವೇ ಅಲ್ಲಿ ವಿಮಾನಪಟ್ಟಿ. ಅಲ್ಲಿ ಮೊದಲ ಸಲ 1000 ಕಿ.ಮೀ. ಹಾರಿದವರು ಒಂದು ತಾಳೆ ಜಾತಿಯ ಸಸಿ ನೆಡುವ ಪದ್ಧತಿ ಬೆಳೆದುಬಂದಿದೆ. ಮರುಭೂಮಿಯಲ್ಲಿ ಈಗ ಆ ಮರಗಳದೇ ಸಾಲು ನಿಂತಿದೆ.

ಇಂಥ ಕೂಟಗಳಲ್ಲಿ ಕೆಲವು ಸ್ಪರ್ಧೆಗಳು, ಕೆಲವು ಬರೀ ಸ್ನೇಹಕೂಟಗಳು. ನನ್ನ ಮನಸ್ಸಿಗೆ ಹಿಡಿಸುವುದು ಎರಡನೆಯದು. ಬಹುಮಾನವಿಲ್ಲ, ಅಂಕವಿಲ್ಲ. ಬೆಳಿಗ್ಗೆ ಎಲ್ಲರೂ ಸೇರಿ ಹವಾಮಾನದ ವರದಿ ಓದುತ್ತಾರೆ. ಉದ್ದನೆಯ ಪೆಟ್ಟಿಗೆಗಾಡಿಯಿಂದ ರೆಕ್ಕೆಗಳನ್ನು ತೆಗೆದು ಜೋಡಿಸುತ್ತಾರೆ. ನೆಲ ಕಾಯುವವರೆಗೆ ನೆರಳಿನಲ್ಲಿ ಮಾತಾಡುತ್ತ ಕೂಡುತ್ತಾರೆ, ಹಳಬರು ಹೊಸಬರಿಗೆ ಯಾವ ಗುಡ್ಡ ಯಾವ ಹೊತ್ತಿಗೆ ಏಳಿಸುತ್ತದೆ ಎಂದು ಹೇಳಿಕೊಡುತ್ತಾರೆ. ಸಂಜೆ ಯಾರಾದರೂ ಮರಳಿ ಬಂದಿಲ್ಲವೆಂದರೆ, ಎಲ್ಲೋ ಬಯಲಿನಲ್ಲಿ ಇಳಿದಿದ್ದಾನೆ ಎಂದು ಗಾಡಿ ಹೂಡಿಕೊಂಡು ಕರೆತರಲು ಹೊರಡುತ್ತಾರೆ. ಹೆಚ್ಚು ಕಡಿಮೆ ನಮ್ಮ ಜಾತ್ರೆಗೆ ಬಂದ ಬಂಡಿಗಳ ಬಿಡಾರದಂತೆ.

ಎಂಜಿನ್ ಇಲ್ಲದೆ ಅದು ಹಾರುವುದು ಹೇಗೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ನಾನು ಮೂವತ್ತು ವರ್ಷ ಬ್ಯಾಂಕಿನ ಖಾತೆಪುಸ್ತಕ ಬರೆದವನು. ನನಗೆ ತಿಳಿದ ಭಾಷೆಯಲ್ಲಿಯೇ ಹೇಳುತ್ತೇನೆ. ಗ್ಲೈಡರ್ ಚಾಲಕನಿಗೆ ಎತ್ತರವೆಂದರೆ ಶಿಲ್ಕು. ನಿಂತ ಗಾಳಿಯಲ್ಲಿ ಈ ಶಿಲ್ಕು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಕಡಿಮೆ ಖರ್ಚಾಗುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಗ್ಲೈಡರ್ ಯಾವಾಗಲೂ ಕೆಳಮುಖವಾಗಿಯೇ ಜಾರುತ್ತದೆ. ಆದರೆ ಆ ಇಳಿಜಾರು ಬಹಳ ಸಣ್ಣದು. ಹಳೆಯ ಕಾಲದ ಮರದ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರ ಖರ್ಚುಮಾಡಿ ಸುಮಾರು 22 ಕಿಲೋಮೀಟರ್ ಮುಂದೆ ಹೋಗುತ್ತಿತ್ತು. ಈಗಿನ ನಯವಾದ ನಾರುಗಾಜಿನ ಗ್ಲೈಡರ್ 40, 45 ಕಿಲೋಮೀಟರ್ ಹೋಗುತ್ತದೆ. ಉದ್ದ ರೆಕ್ಕೆಯ ದೊಡ್ಡವು 50 ದಾಟುತ್ತವೆ.

ಇದು ಖರ್ಚಿನ ಬದಿ. ಜಮೆಯ ಬದಿಗೆ ಬಿಸಿಗಾಳಿ ಬರುತ್ತದೆ. ಗಾಳಿ ಸೆಕೆಂಡಿಗೆ ನಾಲ್ಕು ಮೀಟರ್ ಏರುತ್ತಿದ್ದು, ಗ್ಲೈಡರ್ ಅದರೊಳಗೆ ಒಂದು ಮೀಟರ್ ಇಳಿಯುತ್ತಿದ್ದರೆ ಉಳಿತಾಯ ಮೂರು ಮೀಟರ್. ಹದ್ದಿನಂತೆ ಅದರಲ್ಲಿ ಸುತ್ತು ಹಾಕಿದರೆ ಎಂಟೂವರೆ ನಿಮಿಷದ ಒಳಗೆ 1500 ಮೀಟರ್ ಜಮೆ. ಆಮೇಲೆ ನೇರ ಮುಂದಕ್ಕೆ ಜಾರುವುದು, ಶಿಲ್ಕು ತೀರುವ ಮೊದಲೇ ಇನ್ನೊಂದು ಬಿಸಿಗಾಳಿ ಹುಡುಕುವುದು. ದೂರದ ಹಾರಾಟವೆಂದರೆ ಇಷ್ಟೆ, ದಿನವಿಡೀ ಜಮಾಖರ್ಚು. ಏರುತ್ತಿದ್ದೇವೆಯೋ ಇಳಿಯುತ್ತಿದ್ದೇವೆಯೋ ತಿಳಿಸಲು ವೇರಿಯೋಮೀಟರ್ ಎಂಬ ಸಲಕರಣೆ ಇರುತ್ತದೆ. ಏರುವಾಗ ಕೀಂ ಕೀಂ ಎಂದು ಸದ್ದು ಮಾಡುವುದರಿಂದ ಚಾಲಕನ ಕಣ್ಣು ಹೊರಗಡೆಗೇ ಇರಬಹುದು.

ಬಿಸಿಗಾಳಿ ಎಲ್ಲಿ ಏಳುತ್ತದೆ ಎಂಬುದೇ ಇದರಲ್ಲಿಯ ವಿದ್ಯೆ. ಕೃಷ್ಣಾತೀರದ ಕಬ್ಬಿನ ಗದ್ದೆಯ ಮೇಲೆ ಬಿಸಿಲು ಬಿದ್ದರೆ ಅದರ ಹೆಚ್ಚಿನ ಪಾಲು ಎಲೆಯ, ಮಣ್ಣಿನ ನೀರನ್ನು ಆವಿ ಮಾಡುವುದರಲ್ಲಿಯೇ ಕಳೆದುಹೋಗುತ್ತದೆ. ಗಾಳಿ ಹೆಚ್ಚು ಕಾಯುವುದಿಲ್ಲ. ಒಣಗಿದ ಮಸಾರಿ ನೆಲ, ಬಂಡೆಯ ಗುಡ್ಡ, ಖಾಲಿ ಬಿದ್ದ ಎರಿಹೊಲ ಬೇಗ ಕಾದು ಗಾಳಿಯನ್ನು ಮೇಲೆ ತಳ್ಳುತ್ತವೆ. ಗುಡ್ಡದ ಬಿಸಿಲು ಬಿದ್ದ ಮಗ್ಗುಲು ಬಯಲಿಗಿಂತ ಮುಂಚೆ ಕಾಯುತ್ತದೆ. ಆದ್ದರಿಂದ ಮಿರಜದ ಪೂರ್ವಕ್ಕಿರುವ ದಂಡೋಬಾ ಗುಡ್ಡ ಹೊಳೆದಂಡೆಗಿಂತ ಮೊದಲೇ ಹದ್ದುಗಳನ್ನು ಏಳಿಸುತ್ತದೆ. ಈಗ ಮ್ಹೈಸಾಳ ಯೋಜನೆಯ ಕಾಲುವೆ ನೀರು ಬಂದ ಕಡೆ ಹೊಲ ಹಸಿರಾಗಿದೆ, ಬಹಳ ಸಂತೋಷ. ಆದರೆ ಗ್ಲೈಡರಿನವನನ್ನು ಕೇಳಿದರೆ ಅವನು ನೀರು ಬಾರದ ಹೊಲದ ಕಡೆಗೇ ಬೊಟ್ಟು ಮಾಡಿಯಾನು. ನಮ್ಮ ಲೆಕ್ಕದಲ್ಲಿ ಬಡವಾದ ನೆಲ ಅವನ ಲೆಕ್ಕದಲ್ಲಿ ಸಾಹುಕಾರ.

ಒಣ ಸೀಮೆಗೆ ಇನ್ನೊಂದು ಅನುಕೂಲವಿದೆ. ಏರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿ ತಣ್ಣಗಾಗುತ್ತ ಹೋಗುತ್ತದೆ. ಅದರಲ್ಲಿ ಪಸೆ ಇದ್ದರೆ ಬೇಗ ಮೋಡ ಕಟ್ಟುತ್ತದೆ, ಪಸೆ ಕಡಿಮೆಯಿದ್ದರೆ ಬಹಳ ಎತ್ತರಕ್ಕೆ ಹೋದ ಮೇಲೆ ಮೋಡ. ಹೀಗಾಗಿ ಮರುಭೂಮಿಯ ಬೇಸಿಗೆಯಲ್ಲಿ ಐದು ಸಾವಿರ ಮೀಟರ್ ಎತ್ತರದವರೆಗೂ ಏರುವುದುಂಟು. ಅಷ್ಟೆತ್ತರದಲ್ಲಿ ಉಸಿರಿಗೆ ಗಾಳಿ ಸಾಲದು, ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿಕೊಳ್ಳಬೇಕು. ಕೆಳಗೆ ಮೈ ಸುಡುವ ಬಿಸಿಲು, ಮೇಲೆ ಕೈ ಮರಗಟ್ಟುವ ಚಳಿ. ಕುಡಿಯುವ ನೀರು ಮಾತ್ರ ಎರಡೂ ಕಡೆ ಬೇಕು.

ಪರ್ವತಸೀಮೆಯಲ್ಲಿ ಬಿಸಿಗಾಳಿಯೊಂದೇ ಅಲ್ಲ, ಅಲೆಗಾಳಿಯೂ ಇದೆ. ಕಾಲುವೆಯಲ್ಲಿ ಮುಳುಗಿದ ಕಲ್ಲಿನ ಮೇಲೆ ರಭಸದ ನೀರು ಹಾಯ್ದಾಗ ಕಲ್ಲಿನ ಆಚೆ ಅಲೆ ಏಳುತ್ತದಲ್ಲ, ಜೋರು ಗಾಳಿ ಪರ್ವತ ದಾಟಿದಾಗಲೂ ಹಾಗೆಯೇ. 1951–52ರಲ್ಲಿ ವಿಜ್ಞಾನಿಗಳು ಬಿಷಪ್ ಪಟ್ಟಣದಿಂದ ಗ್ಲೈಡರುಗಳನ್ನು ಹಾರಿಸಿ ಈ ಅಲೆಗಳನ್ನು ಅಳೆದರು. ಅದೇ ವಿದ್ಯೆ ಮುಂದುವರಿದು 2018ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನದ ಆಂಡಿಸ್ ಪರ್ವತದ ಮೇಲೆ ಪರ್ಲಾನ್ 2 ಎಂಬ ಗ್ಲೈಡರ್ 76,000 ಅಡಿ ಮೀರಿ ಏರಿತು. ನಾವು ಕೂತು ಹೋಗುವ ಜೆಟ್ ವಿಮಾನದ ಎತ್ತರದ ಸರಿಸುಮಾರು ಇಮ್ಮಡಿ! ಅದೇ ಆಂಡಿಸ್ ಅಲೆಯಲ್ಲಿ 2003ರಲ್ಲಿ ಜರ್ಮನಿಯ ಕ್ಲಾಸ್ ಓಲ್‌ಮನ್ 3,009 ಕಿ.ಮೀ. ಹಾರಿದ್ದರು.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಸಂಬಂಧ ಎನ್ನಬೇಡಿ. ಡಾ. ವಿಷ್ಣು ಮಾಧವ ಘಾಟಗೆಯವರ ಹೆಸರು ಕೇಳಿದ್ದೀರಾ? ಗಡಹಿಂಗ್ಲಜ ಕಡೆಯ ಹಸೂರಚಂಪು ಅವರ ಹುಟ್ಟೂರು, ನಮ್ಮಂತೆಯೇ ಗಡಿಸೀಮೆ. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾ ವಿದ್ವಾಂಸರ ಕೈಕೆಳಗೆ ಗಾಳಿಯ ಶಾಸ್ತ್ರ ಓದಿ ಡಾಕ್ಟರೇಟ್ ಪಡೆದು ಬಂದರು. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1940ರ ದಶಕದ ಆರಂಭಕ್ಕೆ ಅವರು ರೂಪಿಸಿದ್ದು ಹತ್ತು ಜನ ಕೂಡುವ ಒಂದು ಗ್ಲೈಡರ್. ಆಮೇಲೆ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಅವರದೇ. ನಮ್ಮ ಸರಕಾರದ ವಿಮಾನಯಾನ ಇಲಾಖೆಯವರು ರೋಹಿಣಿ, ಕಾರ್ತಿಕ ಎಂದು ನಕ್ಷತ್ರದ, ಮಾಸದ ಹೆಸರಿಟ್ಟು ಗ್ಲೈಡರುಗಳನ್ನು ತಯಾರಿಸಿದ್ದರು. 1961ರಲ್ಲಿ ಮೊದಲು ಹಾರಿದ ರೋಹಿಣಿಯಲ್ಲಿ ಗುರು ಶಿಷ್ಯ ಪಕ್ಕಪಕ್ಕದಲ್ಲಿ ಕೂಡುತ್ತಿದ್ದರು. 1959ರಲ್ಲಿ ಜರ್ಮನಿಯ ಹೆಸರಾಂತ ಚಾಲಕಿ ಹನ್ನಾ ರೈಶ್ ಭಾರತಕ್ಕೆ ಬಂದಾಗ ಪಂಡಿತ ನೆಹರೂ ಅವರೇ ಆಕೆಯ ಜೊತೆ ದಿಲ್ಲಿಯ ಮೇಲೆ ಗ್ಲೈಡರಿನಲ್ಲಿ ಹಾರಿದ್ದರು.

ನಮಗೆ ಹತ್ತಿರದ್ದು ಪುಣೆಯ ಹಡಪಸರದಲ್ಲಿಯ ಗ್ಲೈಡಿಂಗ್ ಸೆಂಟರ್. ಕೆಲವು ವರ್ಷಗಳ ಹಿಂದೆ ಅಲ್ಲಿ ನಿಂತು ನೋಡಿದ್ದೇನೆ. ಬಯಲಿನ ಒಂದು ತುದಿಗೆ ಗ್ಲೈಡರ್, ಇನ್ನೊಂದು ತುದಿಗೆ ಯಂತ್ರದ ರಾಟೆ, ನಡುವೆ ತಂತಿಯ ಹಗ್ಗ. ರಾಟೆ ತಿರುಗಿದ ಕೂಡಲೆ ಗಾಳಿಪಟ ಎಳೆದಂತೆ ಗ್ಲೈಡರ್ ನೆಟ್ಟಗೆ ಮೇಲೆದ್ದಿತು, ಒಂದು ನಿಮಿಷದೊಳಗೆ ಹಗ್ಗ ಕಳಚಿ ಬಿತ್ತು. ಆಮೇಲೆ ಸದ್ದೇ ಇಲ್ಲ. ತಲೆಯ ಮೇಲೆ ಹಾಯುವಾಗ ಸೀರೆ ಕೊಡವಿದಷ್ಟು ಸಪ್ಪಳ, ಅಷ್ಟೆ. ಸುತ್ತಲೂ ಊರು ಬೆಳೆದು ಕಟ್ಟಡಗಳೇ ಆಗಿರುವುದರಿಂದ ಅದು ಕಲಿಯುವ ಜಾಗವೇ ಹೊರತು ದೂರ ಹೊರಡುವ ಜಾಗವಲ್ಲ. ನಾನು ಏರಲಿಲ್ಲ. ಅರವತ್ತು ದಾಟಿದವನಿಗೆ ಹಾರುವ ಚಪಲ ಯಾಕೆ ಎಂದು ಮನೆಯಲ್ಲಿ ಹೊರಡುವಾಗಲೇ ಹೇಳಿ ಕಳಿಸಿದ್ದರು.

ಹಾಗೆ ನೋಡಿಬರಲು ಕಾರಣವೂ ಮನೆಯದೇ. ಜತ್ತ ಕಡೆಗೆ ಕೊಟ್ಟ ನನ್ನ ತಂಗಿಯ ಮೊಮ್ಮಗ ಪುಣೆಯಲ್ಲಿ ಓದುತ್ತಾನೆ, ಇದನ್ನು ಕಲಿಯಬೇಕೆಂದು ಹಟ ಹಿಡಿದ. ಅವನ ತಾಯಿ ಊಟ ಬಿಟ್ಟಳು. "ಮಾಮಾ, ಎಂಜಿನ್ ಇಲ್ಲದ್ದು ಬಿದ್ದರ ಯಾರು ಹೊಣೆ? ನೀವ ಹೇಳ್ರಿ" ಎಂದು ನನ್ನ ಹತ್ತಿರ ಬಂದಳು. ಭಯ ಸುಳ್ಳಲ್ಲ. ಎಂಜಿನ್ ಇಲ್ಲದ್ದರಿಂದಲೇ ಯಾರೂ ಬೀಳುವುದಿಲ್ಲ. ಅದು ಜಾರುವುದಕ್ಕೇ ಹುಟ್ಟಿದ್ದು. ಜೀವ ಹೋಗುವುದು ಬೇರೆ ಕಾರಣಕ್ಕೆ. ನೆಲಕ್ಕೆ ತೀರ ಹತ್ತಿರ ಬಂದ ಮೇಲೂ, ಇನ್ನೊಂದು ಸುತ್ತು ಹಾಕಿದರೆ ಏರಬಹುದು, ಮರಳಿ ಹೊರಟ ಜಾಗವನ್ನೇ ಮುಟ್ಟಬಹುದು ಎಂಬ ಆಸೆಗೆ. ನಿಧಾನ ವೇಗದಲ್ಲಿ ಬಿಗಿಯಾಗಿ ತಿರುಗಿಸಿದರೆ ರೆಕ್ಕೆ ಹಿಡಿತ ಬಿಡುತ್ತದೆ, ಸಾವರಿಸಲು ಎತ್ತರವಿರುವುದಿಲ್ಲ. ಆದ್ದರಿಂದ ತಿಳಿದ ಗುರುಗಳು ಮೊದಲು ಕಲಿಸುವುದು ಏರುವುದನ್ನಲ್ಲ, ಬಿಟ್ಟುಕೊಡುವುದನ್ನು. ಹಾರುವಷ್ಟು ಹೊತ್ತೂ ಇಳಿಯಲು ಯೋಗ್ಯವಾದ ಒಂದು ಜಾಗ ಕೈಯಳತೆಯಲ್ಲಿ ಇರಲೇಬೇಕು. ಮುನ್ನೂರು ಮೀಟರ್ ಉಳಿಯಿತೋ, ಗಾಳಿಯ ಆಸೆ ಬಿಟ್ಟು ಆ ಹೊಲಕ್ಕೆ ಇಳಿಯತಕ್ಕದ್ದು. ಇನ್ನೊಂದು ಅಪಾಯ ಡಿಕ್ಕಿಯದು. ಒಂದೇ ಬಿಸಿಗಾಳಿಯಲ್ಲಿ ನಾಲ್ಕಾರು ಜನ ಸೇರಿದರೆ ಮೊದಲು ಬಂದವನು ಯಾವ ಕಡೆ ತಿರುಗುತ್ತಿದ್ದಾನೋ ಉಳಿದವರೂ ಅದೇ ಕಡೆ ತಿರುಗಬೇಕು. ಸ್ನೇಹಕೂಟ ನನಗೆ ಮೇಲೆನಿಸುವುದು ಇದಕ್ಕೇ. ಬಹುಮಾನದ ಆಸೆ ಇಲ್ಲದ ಕಡೆ ಬಿಟ್ಟುಕೊಡುವುದು ಸುಲಭ.

ಇದನ್ನೆಲ್ಲ ತಾಯಿಗೆ ಹೇಳಿದೆ. ಅವಳು ಒಪ್ಪಿದಳು ಎನ್ನಲಾರೆ. "ಮುನ್ನೂರು ಮೀಟರಿಗೆ ಇಳೀತೀನಿ ಅಂತ ಅವ ನನ್ನ ತಲೀ ಮ್ಯಾಲ ಕೈ ಇಟ್ಟು ಹೇಳಲಿ" ಎಂದಳು. ಹುಡುಗ ಹೇಳಿದ್ದಾನೆ. ವೈದ್ಯಕೀಯ ಪರೀಕ್ಷೆಯ ತನಕ ಬಂದಿದೆ ಮಾತು.

ಗ್ಲೈಡರಿನವರ ಮೊದಲ ದೊಡ್ಡ ಪರೀಕ್ಷೆಗೆ ಬೆಳ್ಳಿ ಬಿಲ್ಲೆ ಎಂದು ಹೆಸರು. ಐದು ತಾಸು ಇಳಿಯದೆ ಇರಬೇಕು, ಸಾವಿರ ಮೀಟರ್ ಗಳಿಸಬೇಕು, 50 ಕಿ.ಮೀ. ದೂರ ಹೋಗಬೇಕು. ಕವಲಾಪುರದಲ್ಲಿ ಹಳೆಯ ವಿಮಾನಪಟ್ಟಿಯ ಜಾಗವಿದೆ, ಅಲ್ಲಿ ವಿಮಾನ ನಿಲ್ದಾಣವಾಗಲಿ ಎಂಬ ಬೇಡಿಕೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದರ ವಾದ ನನಗೆ ಬೇಡ. ಲೆಕ್ಕಕ್ಕಷ್ಟೆ ಹೇಳುತ್ತೇನೆ: ಅಲ್ಲಿಂದ 50 ಕಿ.ಮೀ. ಎಂದರೆ ಸುಮಾರಾಗಿ ಜತ್ತ ತಾಲೂಕಿನ ಗಡಿ ಮುಟ್ಟಿದಂತೆ. ವಿಜಾಪುರ ಮುಟ್ಟಲು ಅದರ ಇಮ್ಮಡಿಗಿಂತ ತುಸು ಹೆಚ್ಚು. ದಾರಿಯುದ್ದಕ್ಕೂ ಒಣ ಬಯಲು. ಒಂದು ಕಾಲಕ್ಕೆ ಈ ಬಯಲಿನ ಮೇಲೆ ರಣಹದ್ದುಗಳ ಹಿಂಡೇ ಸುತ್ತುತ್ತಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಔಷಧದಿಂದ 1990ರ ನಂತರ ದೇಶದಲ್ಲೆಲ್ಲ ಅವು ಅಳಿದವು, 2006ರಲ್ಲಿ ಆ ಪಶು ಔಷಧವನ್ನು ನಿಷೇಧಿಸಿದರು. ಬಿಸಿಗಾಳಿಯನ್ನು ದೂರದಿಂದಲೇ ತೋರಿಸಿಕೊಡುತ್ತಿದ್ದ ಗುರುತು ಅವು. ಈಗ ಹದ್ದನ್ನೇ ನೋಡಿಕೊಳ್ಳಬೇಕು.

ಕೊನೆಗೆ ಒಂದು ಉಪಯೋಗದ ಮಾತು. ಪಾಚಗಣಿ, ಕಾಮಶೇತ ಕಡೆ ಬಟ್ಟೆಯ ಛತ್ರಿಯಂಥ ಪ್ಯಾರಾಗ್ಲೈಡರ್ ಹಾರಿಸುವವರು ಬಹಳ ಇದ್ದಾರೆ. ಅವರೂ ಇದೇ ಗಾಳಿಯನ್ನು ನಂಬಿದವರು. ಇಂಥವರು ಯಾರಾದರೂ ನಿಮ್ಮ ಹೊಲದಲ್ಲಿ ಇಳಿದರೆ ಹೆದರಬೇಡಿ, ಬಯ್ಯಲೂ ಬೇಡಿ. ಅವರಿಗೆ ಬೇಕಾದದ್ದು ಜೋಳ ಕೊಯ್ದ ಹೊಲ, ಅಥವಾ ದನ ಮೇಯುವ ಗಾಯರಾಣ. ದ್ರಾಕ್ಷಿ ಪಡಕಿನ ಕಂಬ, ತಂತಿ, ಆಳೆತ್ತರದ ಕಬ್ಬು, ವಿದ್ಯುತ್ ತಂತಿ ಕಂಡರೆ ಅವರಿಗೇ ಜೀವ ಝಲ್ಲೆನ್ನುತ್ತದೆ. ಇಳಿಯುವಾಗ ದನಕರುಗಳನ್ನೂ ಮಕ್ಕಳನ್ನೂ ಪಕ್ಕಕ್ಕೆ ಕರೆದುಕೊಳ್ಳಿ. ಚಾಲಕ ಹೊರಬಂದು ಕೈ ಎತ್ತುವವರೆಗೆ ರೆಕ್ಕೆ ಮುಟ್ಟಬೇಡಿ, ಮುರಿದರೆ ನಮ್ಮ ಕಡೆ ರಿಪೇರಿ ಮಾಡುವವರಿಲ್ಲ. ಏಟು ಬಿದ್ದಿದ್ದರೆ ಎಳೆದಾಡದೆ 108ಕ್ಕೆ ಫೋನ್ ಮಾಡಿ. ಪೈರಿಗೆ ನಷ್ಟವಾಗಿದ್ದರೆ ಕೂಡಲೆ ಅವನೆದುರೇ ಅಳೆದು ಬರೆದಿಟ್ಟುಕೊಳ್ಳಿ, ಕೇಳುವುದು ನಿಮ್ಮ ಹಕ್ಕು. ಆದರೆ ಅಳೆಯುವುದು ಊರ ಜನ ನೋಡಲು ಓಡಿಬರುವ ಮೊದಲೇ ಆಗಲಿ. ವಿಮಾನ ತುಳಿದದ್ದು ಎರಡು ಸಾಲಾದರೆ ನೋಡಲು ಬಂದವರು ತುಳಿಯುವುದು ಇಪ್ಪತ್ತು ಸಾಲು, ಅದರ ಲೆಕ್ಕ ಅವನ ಮೇಲೆ ಹಾಕಲು ಬರುವುದಿಲ್ಲ.