ಬಾಲ ಬಿಚ್ಚುವ ಯೀಸ್ಟ್

ಹಾಲು ಕುಡಿಯುವ ಕೂಸಿನ ನಾಲಿಗೆಯ ಮೇಲೆ ಕೆಲವೊಮ್ಮೆ ಮೊಸರು ಮೆತ್ತಿದಂತೆ ಬಿಳಿ ಪದರ ಕಾಣಿಸುತ್ತದೆ. ಒರೆಸಿದರೆ ಸುಲಭಕ್ಕೆ ಹೋಗದು. ಅದು ಹಾಲಿನ ಕಲೆಯಲ್ಲ, ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್. ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ ಇದು ತಣ್ಣಗೆ ಬಿಡಾರ ಹೂಡಿರುತ್ತದೆ. ಮೈಯ ರೋಗನಿರೋಧಕ ಶಕ್ತಿ ಕುಗ್ಗಿದಾಗ, ಇಲ್ಲವೇ ಆಂಟಿಬಯಾಟಿಕ್ ನುಂಗಿ ನೆರೆಹೊರೆಯ ಬ್ಯಾಕ್ಟೀರಿಯಾಗಳು ಸತ್ತಾಗ ಬಾಲ ಬಿಚ್ಚುತ್ತದೆ.

ಇದು ಬರೀ ನುಡಿಗಟ್ಟಲ್ಲ. ಗುಂಡಗಿದ್ದು ಮೊಗ್ಗೊಡೆದು ಹೆಚ್ಚುವ ಈ ಕೋಶ, ಮೈಬಿಸಿ ತಾಗಿ ಸುತ್ತಲಿನ ಪರಿಸರ ಒಗ್ಗಿದರೆ, ನಿಜಕ್ಕೂ ಬಾಲದಂಥ ಉದ್ದನೆಯ ಎಳೆ ಚಾಚುತ್ತದೆ. ಅದಕ್ಕೆ ಹೈಫಾ ಎಂದು ಹೆಸರು. ಚಾಚಲು ಅಪ್ಪಣೆ ಕೊಡುವ ಜೀನ್‌ಗಳಲ್ಲಿ ಇಎಫ್‌ಜಿ1 ಮತ್ತು ಸಿಪಿಎಚ್1 ಮುಖ್ಯವಾದವು. 1997ರಲ್ಲಿ ಅಮೆರಿಕದ ಜೆರಾಲ್ಡ್ ಫಿಂಕ್ ಅವರ ತಂಡ ಎರಡನ್ನೂ ಕೆಡಿಸಿದ ಯೀಸ್ಟನ್ನು ಇಲಿಗಳಿಗೆ ಚುಚ್ಚಿ ನೋಡಿತು. ಮಾಮೂಲಿ ಯೀಸ್ಟ್ ಚುಚ್ಚಿಸಿಕೊಂಡ ಇಲಿಗಳು ಸತ್ತವು, ಜೀನ್ ಕೆಡಿಸಿದ ಯೀಸ್ಟ್ ಚುಚ್ಚಿಸಿಕೊಂಡವು ಬದುಕಿದವು.

ಹಾಗೆಂದು ಈ ಎರಡು ಜೀನ್‌ಗಳನ್ನು ‘ರೋಗದ ಜೀನ್’ ಎಂದು ಕರೆಯುವುದು ಅವಸರವಾದೀತು. ಸಿಪಿಎಚ್1ರ ದಾಯಾದಿಯೊಂದು ಬ್ರೆಡ್ ಉಬ್ಬಿಸುವ ಸಾಧು ಯೀಸ್ಟಿನಲ್ಲೂ ಇದೆ. ಅಲ್ಲಿ ಅದು ಕೋಶಗಳ ಮಿಲನದ ಉಸ್ತುವಾರಿ ನೋಡಿಕೊಳ್ಳುತ್ತದೆ!

ಎಳೆ ಚಾಚಿದ ಮಾತ್ರಕ್ಕೆ ಹಾನಿ ಆಗುವುದು ಹೇಗೆ? ಉತ್ತರ ಯಾರೂ ಲೆಕ್ಕಕ್ಕಿಡದ ಜೀನ್ ಒಂದರಲ್ಲಿ ಅಡಗಿತ್ತು. ಇಸಿಇ1 ಎಂಬ ಅದು 1993ರಲ್ಲೇ ಪತ್ತೆಯಾಗಿತ್ತು. ಎಳೆ ಬೆಳೆಯುವಾಗ ಅದು ಜೋರಾಗಿ ದುಡಿಯುತ್ತದೆ. ಆದರೆ ತೆಗೆದುಹಾಕಿದರೂ ಎಳೆ ಎಂದಿನಂತೆಯೇ ಬೆಳೆಯಿತು. ದಿನವಿಡೀ ಬೆವರು ಸುರಿಸಿಯೂ ಮಾಡಿದ್ದೇನೆಂದು ಕಾಣದ ಕೆಲಸಗಾರನ ಹಾಗೆ ಅದು ಎರಡು ದಶಕ ಒಗಟಾಗಿಯೇ ಉಳಿಯಿತು.

2016ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೂಲಿಯನ್ ನಾಗ್ಲಿಕ್, ಜರ್ಮನಿಯ ಬರ್ನ್‌ಹಾರ್ಡ್ ಹ್ಯೂಬೆ ಮತ್ತು ಸಂಗಡಿಗರು ಗುಟ್ಟು ಬಿಡಿಸಿದರು. ಈ ಜೀನ್ ತಯಾರಿಸುವ ಪ್ರೋಟೀನನ್ನು ಯೀಸ್ಟ್ ತಾನೇ 8 ತುಂಡಾಗಿ ಕತ್ತರಿಸುತ್ತದೆ. ಅದರಲ್ಲಿ ಒಂದು ತುಂಡು, ಬರೀ 31 ಅಮೈನೊ ಆಮ್ಲಗಳಷ್ಟು ಉದ್ದದ್ದು, ನಮ್ಮ ಕೋಶದ ಪೊರೆಗೆ ತೂತು ಕೊರೆಯುವ ವಿಷ. ಕ್ಯಾಂಡಿಡಾಲೈಸಿನ್ ಎಂದು ಅದಕ್ಕೆ ಹೆಸರಿಟ್ಟರು. ಇಸಿಇ1 ಇಲ್ಲದ ಯೀಸ್ಟಿನ ಎಳೆ ನಮ್ಮ ಕೋಶದೊಳಕ್ಕೆ ನುಗ್ಗುತ್ತದೆ, ಆದರೆ ಅದನ್ನು ಹಾಳುಗೆಡವಲಾರದು.

ಬಿಡಾರ ಕೊಟ್ಟವರ ಮನೆಗೇ ಕನ್ನ ಹಾಕಲು ಯೀಸ್ಟ್ ಈ ವಿಷವನ್ನು ಇಟ್ಟುಕೊಂಡಿದೆಯೇ? ಹಾಗೇನಿಲ್ಲ. 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಯ ಕರುಳಿನ ಬ್ಯಾಕ್ಟೀರಿಯಾಗಳ ನಡುವೆ ಜಾಗ ಹಿಡಿದು ಉಳಿಯಲು ಯೀಸ್ಟಿಗೆ ನೆರವಾದದ್ದು ಇದೇ ಕ್ಯಾಂಡಿಡಾಲೈಸಿನ್.