ಆಟಗಾರರ ಮೊಣಕಾಲು ಗಾಯ: ಗುರುತಿಸುವಿಕೆ ಮತ್ತು ಆರೈಕೆ

ಗ್ರಾಮ ಮಟ್ಟದ ಕಬಡ್ಡಿ, ಖೋ-ಖೋ ಹಾಗೂ ವಾಲಿಬಾಲ್ ಪಂದ್ಯಗಳು ಅನೇಕ ವೇಳೆ ಗ್ರಾಮ ಪಂಚಾಯಿತಿಗಳ ಸಹಕಾರದಿಂದ ನಡೆಯುತ್ತವೆ. ಇಂತಹ ಅಂಗಳಗಳಲ್ಲಿ ವೈದ್ಯರು ಉಪಸ್ಥಿತರಿರುವುದು ವಿರಳ. ಗಾಯವಾದೊಡನೆ ಅಲ್ಲಿರುವವರು ಕೈಗೊಳ್ಳುವ ಕ್ರಮವು ಆಟಗಾರರ ಮುಂದಿನ ಆಟದ ಮೇಲಷ್ಟೇ ಅಲ್ಲ, ದುಡಿಮೆಯ ಮೇಲೂ ಪರಿಣಾಮ ಬೀರಬಲ್ಲದು. ಆದಕಾರಣ ಸದಸ್ಯರು ಈ ಕೆಳಗಿನ ಅಂಶಗಳನ್ನು ಅರಿತಿರುವುದು ಅವಶ್ಯಕ.

ಗಾಯದ ಬಗೆಗಳು

ಮೊಣಕಾಲಿನ ಮೂಳೆಗಳನ್ನು 4 ಪ್ರಮುಖ ಅಸ್ಥಿರಜ್ಜುಗಳು ಬಿಗಿದು ಹಿಡಿದಿವೆ. ಮೂಳೆಗಳ ನಡುವೆ ಮೆತ್ತೆಯಂತಿರುವ 2 ಮೃದ್ವಸ್ಥಿ ಬಿಲ್ಲೆಗಳಿವೆ.

1. ಮುಂಭಾಗದ ಅಡ್ಡ ಅಸ್ಥಿರಜ್ಜು (ಎ.ಸಿ.ಎಲ್.) ಹರಿತ: ಓಟದಲ್ಲಿ ಥಟ್ಟನೆ ತಿರುಗಿದಾಗ ಅಥವಾ ಜಿಗಿದು ನೆಲಕ್ಕಿಳಿದಾಗ ಸಂಭವಿಸುತ್ತದೆ. ‘ಟಪ್’ ಎಂಬ ಸದ್ದು ಕೇಳಿಸಬಹುದು. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುತ್ತದೆ.
2. ಮೃದ್ವಸ್ಥಿ ಹರಿತ: ಪಾದ ನೆಲಕ್ಕೆ ಊರಿರುವಾಗ ಮೊಣಕಾಲು ತಿರುಚಿದರೆ ಆಗುತ್ತದೆ. ಊತ ನಿಧಾನವಾಗಿ ಬರುತ್ತದೆ. ಕಾಲು ಮಡಿಸಿದಲ್ಲೇ ಸಿಕ್ಕಿಕೊಳ್ಳಬಹುದು.
3. ಒಳಬದಿಯ ಅಸ್ಥಿರಜ್ಜು ಗಾಯ: ಮೊಣಕಾಲಿನ ಹೊರಬದಿಗೆ ಪೆಟ್ಟು ಬಿದ್ದಾಗ ಒಳಬದಿಯಲ್ಲಿ ನೋವು ಕಾಣಿಸುತ್ತದೆ.
4. ಮಂಡಿಚಿಪ್ಪಿನ ಕೆಳಗಿನ ನೋವು: ಪದೇ ಪದೇ ಜಿಗಿಯುವ ವಾಲಿಬಾಲ್ ಆಟಗಾರರಲ್ಲಿ ಕ್ರಮೇಣ ಬೆಳೆಯುತ್ತದೆ.

ಪ್ರಥಮ ಆರೈಕೆ

ಗಾಯಾಳುವನ್ನು ಕೂಡಲೇ ಆಟದಿಂದ ಹೊರಗಿರಿಸಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಬೇಕು. ಹಿಗ್ಗುವ ಪಟ್ಟಿಯನ್ನು ಹೆಚ್ಚು ಬಿಗಿಯಿಲ್ಲದಂತೆ ಸುತ್ತಿ ಕಾಲನ್ನು ಎತ್ತರದಲ್ಲಿರಿಸಬೇಕು. ಮೊದಲ 2-3 ದಿನ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ಕಾಲನ್ನು ಎಳೆಯುವುದು ಸಲ್ಲದು. ಇವುಗಳಿಂದ ಒಳರಕ್ತಸ್ರಾವ ಹಾಗೂ ಹಾನಿ ಹೆಚ್ಚಬಹುದು.

ಆಸ್ಪತ್ರೆಗೆ ಕಳುಹಿಸಬೇಕಾದ ಸಂದರ್ಭಗಳು

4 ಹೆಜ್ಜೆ ನಡೆಯಲಾಗದಿದ್ದರೆ, ಮೊಣಕಾಲು 90 ಡಿಗ್ರಿಯಷ್ಟು ಮಡಚದಿದ್ದರೆ, ಬೇಗನೆ ಊದಿಕೊಂಡರೆ ಅಥವಾ ಸಿಕ್ಕಿಕೊಂಡರೆ ವೈದ್ಯರ ತಪಾಸಣೆ ಕಡ್ಡಾಯ. ಮೊಣಕಾಲಿನ ಆಕಾರ ಕೆಟ್ಟಿದ್ದರೆ, ಪಾದ ತಣ್ಣಗಾಗಿದ್ದರೆ ಅಥವಾ ಮರಗಟ್ಟಿದ್ದರೆ ಕಾಲನ್ನು ಇದ್ದ ಸ್ಥಿತಿಯಲ್ಲೇ ಅಲುಗದಂತೆ ಕಟ್ಟಿ, ವಿಳಂಬವಿಲ್ಲದೆ 108ಕ್ಕೆ ಕರೆ ಮಾಡತಕ್ಕದ್ದು.

ಎಕ್ಸ್-ರೇಯಲ್ಲಿ ಮೂಳೆ ಮುರಿತ ಕಾಣುತ್ತದೆಯೇ ಹೊರತು ಅಸ್ಥಿರಜ್ಜುವಿನ ಹರಿತ ಕಾಣದು. ಆದ್ದರಿಂದ ‘ಮೂಳೆ ಸರಿಯಿದೆ’ ಎಂಬ ಮಾತ್ರಕ್ಕೆ ಗಾಯವಿಲ್ಲವೆಂದು ಭಾವಿಸಬಾರದು. ಎ.ಸಿ.ಎಲ್. ಹರಿದವರಲ್ಲಿಯೂ ಕೆಲವು ವಾರಗಳಲ್ಲಿ ಊತ ಇಳಿದು, ನೇರ ನಡಿಗೆ ಸಾಧ್ಯವಾಗುತ್ತದೆ. ವಾಸಿಯಾಯಿತೆಂದು ಅಂಗಳಕ್ಕಿಳಿದವರ ಮೊಣಕಾಲು ಮುಂದಿನ ತಿರುವಿನಲ್ಲೇ ಕುಸಿದು ಮೃದ್ವಸ್ಥಿಯೂ ಹರಿಯಬಹುದು. ನಡೆದಾಡುತ್ತಿದ್ದಾರೆಂಬ ಕಾರಣಕ್ಕೆ ಅಂತಿಮ ಪಂದ್ಯಕ್ಕೆ ಒತ್ತಾಯಿಸುವುದು ಇದೇ ಕಾರಣದಿಂದ ಅಪಾಯಕಾರಿ.

ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಒಳಬದಿಯ ಅಸ್ಥಿರಜ್ಜು ಗಾಯಗಳು ಬಹುತೇಕ ವಿಶ್ರಾಂತಿ ಹಾಗೂ ವ್ಯಾಯಾಮದಿಂದ ಗುಣವಾಗುತ್ತವೆ. ಎ.ಸಿ.ಎಲ್. ಹರಿದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಆದರೆ ಅದಾದವರು ಸಾಮಾನ್ಯವಾಗಿ 9 ತಿಂಗಳವರೆಗಾದರೂ ಸ್ಪರ್ಧೆಯಿಂದ ದೂರವಿರಬೇಕು. ತೊಡೆಯ ಸ್ನಾಯುಗಳ ಬಲವರ್ಧನೆ ಎಲ್ಲ ಬಗೆಯ ಚಿಕಿತ್ಸೆಗೂ ಆಧಾರ.

ಪಂದ್ಯಕ್ಕೆ ಮುನ್ನ 15-20 ನಿಮಿಷಗಳ ಪೂರ್ವಾಭ್ಯಾಸ ಹಾಗೂ ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವ ತರಬೇತಿ ಗಾಯಗಳನ್ನು ತಗ್ಗಿಸುತ್ತವೆ. ಎ.ಸಿ.ಎಲ್. ಗಾಯದ ಸಂಭವ ಬಾಲಕಿಯರಲ್ಲಿ ಹೆಚ್ಚಿರುವುದರಿಂದ ಅವರಿಗೆ ಈ ತರಬೇತಿ ವಿಶೇಷವಾಗಿ ಅಗತ್ಯ. ಪಂದ್ಯ ಏರ್ಪಡಿಸುವ ಮುನ್ನ ಅಂಗಳದ ಕಲ್ಲು, ಗುಂಡಿಗಳನ್ನು ಸರಿಪಡಿಸಿ, ಮಂಜುಗಡ್ಡೆ, ಪಟ್ಟಿ ಹಾಗೂ ವಾಹನ ಸಿದ್ಧವಿರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳುವುದು.