ಅರ್ಧ ಅಂಗುಲಕ್ಕೆ ಒಂದು ಅಡಿ

ಟಿಟ್ವಾಳಾಕ್ಕೆ ಬರುವವರು ಸಾಮಾನ್ಯವಾಗಿ ಮಹಾಗಣಪತಿಯ ದರ್ಶನಕ್ಕೆಂದೇ ಬರುತ್ತಾರೆ. ನಮ್ಮ ಮನೆಗೆ ಬರುವ ನೆಂಟರಿಷ್ಟರೂ ದರ್ಶನ ಮುಗಿಸಿ, ಚಹಾ ಕುಡಿದು, ಕಡೆಗೆ ಕಪಾಟಿನ ಮೇಲಿರುವ ಪುಟ್ಟ ಲಾರಿಯತ್ತ ಕಣ್ಣು ಹಾಯಿಸಿ, “ಇದನ್ನು ಎಲ್ಲಿ ಕೊಂಡಿರಿ?” ಎಂದು ಕೇಳುವುದುಂಟು. ಕೊಂಡದ್ದಲ್ಲ, ಮನೆಯಲ್ಲೇ ಮಾಡಿದ್ದು ಎಂದರೆ ಅರ್ಧ ಜನ ನಂಬುವುದಿಲ್ಲ. ನಂಬಿದವರು ಇನ್ನೊಂದು ಪ್ರಶ್ನೆ ಹಾಕುತ್ತಾರೆ: “ವಿಮಾನ, ಹಡಗು, ರೈಲು ಎಲ್ಲ ಬಿಟ್ಟು ಲಾರಿಯನ್ನೇ ಏಕೆ ಹಿಡಿದಿರಿ?”

ಊರು ಬಿಟ್ಟು ಇತ್ತ ಬಂದ ನಮ್ಮಂಥವರು ರೈಲಿನಲ್ಲೋ ಬಸ್ಸಿನಲ್ಲೋ ಬಂದೆವು. ಆದರೆ ನಮ್ಮ ಸಂಸಾರ ಬಂದದ್ದು ಲಾರಿಯಲ್ಲಿ. ಒರಳುಕಲ್ಲು, ಕಬ್ಬಿಣದ ಟ್ರಂಕು, ಜೋಳದ ಚೀಲ, ಅಜ್ಜನ ಕಾಲದ ಮಂಚ ಇವನ್ನೆಲ್ಲ ತಾಡಪತ್ರಿಯಡಿ ಹೊತ್ತು ತಂದ ಲಾರಿಯ ಗುರುತನ್ನು ಯಾರೂ ಇಟ್ಟುಕೊಂಡಿಲ್ಲ. ಹಡಗಿಗೂ ವಿಮಾನಕ್ಕೂ ವಸ್ತುಸಂಗ್ರಹಾಲಯಗಳುಂಟು. ಗದಗಿನಲ್ಲಿ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಾರಿಗೆ ಉದ್ಯಮ ಇಂದು ದೇಶದಲ್ಲೆಲ್ಲ ಹೆಸರಾಗಿದೆ. ಆದರೂ ಆ ಕಾಲದ ಲಾರಿಯ ಹಲಗೆ ಎಷ್ಟು ದಪ್ಪವಿತ್ತು, ಚಾಲಕನ ಹಿಂದಿನ ಪಡಸಾಲೆಯಂಥ ಜಾಗದಲ್ಲಿ ಮಲಗಿದವನ ಕಾಲು ಎಲ್ಲಿಗೆ ಬರುತ್ತಿತ್ತು ಎಂದು ಕೇಳಿದರೆ ಹೇಳುವವರು ಅಪರೂಪ.

ಪುಟ್ಟ ವಾಹನಗಳ ಹುಚ್ಚೇನೋ ಲೋಕಕ್ಕೆಲ್ಲ ಉಂಟು. ಇಂಗ್ಲೆಂಡಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಎಂಬಾತ ಮಗಳಿಗೆಂದು ಹಿತ್ತಾಳೆಯ ಚಿಕ್ಕ ರೋಡ್ ರೋಲರೊಂದನ್ನು ಮಾಡಿಕೊಟ್ಟನಂತೆ. ಅವಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವಷ್ಟು ಚಿಕ್ಕ ಆಟಿಕೆಗೆ ಮಾತ್ರ ಅಪ್ಪಣೆಯಿತ್ತು. ಅದರಿಂದಲೇ 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಆಟಿಕೆಗಳ ಮಾಲೆ ಹುಟ್ಟಿತು. ದೊಡ್ಡವರ ಕೈಗೆಂದು ಬಿಡಿಭಾಗಗಳ ಪೆಟ್ಟಿಗೆಗಳೂ ಬಂದವು. ರೆವೆಲ್, ಇಟಾಲಿಯ ಇಟಾಲೆರಿ, ಅಮೆರಿಕದ ಎ.ಎಂ.ಟಿ. ಇವರ ಲಾರಿಗಳು 24ನೇ ಅಥವಾ 25ನೇ ಒಂದು ಪಾಲಿನ ಅಳತೆಯವು. ಜಪಾನಿನ ತಾಮಿಯಾ ಕಂಪನಿಯ 14ನೇ ಒಂದು ಪಾಲಿನ ಲಾರಿ ರೇಡಿಯೋ ಸಂಕೇತದಿಂದ ಅಂಗಳದಲ್ಲಿ ಓಡಾಡುತ್ತದೆ. ಇವೆಲ್ಲ ಬಹು ಅಂದವಾದವು, ಬೆಲೆಯೂ ಅಂದಕ್ಕೆ ತಕ್ಕಂತೆ. ಆದರೆ ಆ ಪೆಟ್ಟಿಗೆಗಳಲ್ಲಿ ಹುಡುಕಿದರೆ ನಮ್ಮ ಮರದ ಮೈಯ ಲಾರಿ ಸಿಕ್ಕುವುದಿಲ್ಲ.

ಏಕೆಂದರೆ ಅದು ಪೂರ್ತಿಯಾಗಿ ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಜೊತೆಗೂಡಿ 1954ರಲ್ಲಿ ಜಮ್‌ಶೇಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು; ಆ ಒಪ್ಪಂದ 1969ರಲ್ಲಿ ಮುಗಿಯಿತು. ಮದ್ರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬಹುಕಾಲ ಕಾರ್ಖಾನೆಯವರು ಹೆಚ್ಚಾಗಿ ಕೊಡುತ್ತಿದ್ದುದು ಎಂಜಿನ್ನು, ಚಾಸಿ, ಗಾಲಿ, ಮುಂದಿನ ಮೂತಿ ಇಷ್ಟೇ. ಚಾಲಕನು ಹಲಗೆಯ ಮೇಲೆ ಕುಳಿತು, ತಲೆಗೆ ವಸ್ತ್ರ ಸುತ್ತಿಕೊಂಡು ಆ ಬತ್ತಲೆ ಚಾಸಿಯನ್ನು ಓಡಿಸಿಕೊಂಡು ಹೋಗುವುದನ್ನು ಹಿರಿಯ ಓದುಗರು ನೋಡಿರಬಹುದು. ಉಳಿದದ್ದೆಲ್ಲ ಬಡಗಿ, ಕಮ್ಮಾರ, ಬಣ್ಣದವನ ಕೆಲಸ. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ, ತಿರುಚೆಂಗೋಡು ಈ ಕೆಲಸಕ್ಕೇ ಹೆಸರಾದ ಊರುಗಳು. ನಕ್ಷೆ ಮೇಸ್ತ್ರಿಯ ತಲೆಯಲ್ಲಿ, ಕಾಗದದ ಮೇಲಿಲ್ಲ. ಆದ್ದರಿಂದ ಇಂಥ ಲಾರಿಯ ಮಾದರಿ ಮಾಡುವವನಿಗೆ ಮೊದಲು ಬೇಕಾದ ಸಲಕರಣೆ ಅಂಟೂ ಅಲ್ಲ, ಕುಂಚವೂ ಅಲ್ಲ, ದರ್ಜಿಯ ಟೇಪು.

ಆ ಟೇಪು ಹಿಡಿದು ನಾವು ಒಂದು ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಯಲ್ಲಿಳಿದೆವು. ವಾಶಿಯ ಮಾರುಕಟ್ಟೆಯ ಬಳಿ ನಿಲ್ಲುವ ಲಾರಿಗಳಲ್ಲಿ ಕರ್ನಾಟಕದವಕ್ಕೆ ಬರವಿಲ್ಲ. ಹಳದಿ ಫಲಕದ ಮೇಲೆ ಕೆ.ಎ. 27 ಎಂದು ಕಂಡಿತು, ಹಾವೇರಿಯದು. ಮರದ ಮೈ, ಮರದ ಕ್ಯಾಬಿನ್, ಹತ್ತು ಗಾಲಿ. ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಖಾಲಿ ನಿಂತಿತ್ತು. ಮಗಳು ಟೇಪಿನ ಒಂದು ತುದಿ ಹಿಡಿದಳು, ನಾವು ಇನ್ನೊಂದು. ಹಲಗೆಯ ಸಂದಿನಲ್ಲಿ ಉಳಿದ ಘಾಟಿಗೆ ಇಬ್ಬರೂ ಸೀನುತ್ತ ಮೊದಲ ಅಳತೆ ಬರೆಯುವಷ್ಟರಲ್ಲಿ ಚಾಲಕರು ಎದ್ದು ಬಂದರು.

“ಫೈನಾನ್ಸಿನವರೇನ್ರಿ? ಕಂತು ತುಂಬೇವಿ ನೋಡ್ರಿ.”

“ಅಲ್ರೀ ಅಣ್ಣಾರ, ಇಂಥಾದ್ದ ಒಂದು ಸಣ್ಣ ಲಾರಿ ಮಾಡಬೇಕಂತೇವಿ. ಅಳತಿ ತಗೊಳ್ಳಾಕತ್ತೀವಿ.”

ಅವರು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು. ಕನ್ನಡ ಕೇಳಿ ಸಂಶಯ ಅರ್ಧ ಕಳೆದಿರಬೇಕು; ಮಗಳ ಕೈಯ ಪುಸ್ತಕದಲ್ಲಿದ್ದ ವಕ್ರ ಚಿತ್ರ ನೋಡಿ ಉಳಿದರ್ಧವೂ ಕಳೆಯಿತು. “ಹಂಗಾರ ಮ್ಯಾಲಿಂದೇನ್ ನೋಡ್ತೀರಿ? ತಳಗ ನೋಡ್ರಿ, ಲಾರಿ ಇರೂದ ತಳಗ,” ಎಂದು ತಾವೇ ಚಾಸಿಯಡಿ ನುಸುಳಿ, ಒಂದೊಂದಾಗಿ ಅಳತೆ ಕೂಗತೊಡಗಿದರು. “ಬರ್ಕೋ ಯವ್ವಾ!” ಎಂದು ನಡುನಡುವೆ ಮಗಳನ್ನು ಎಚ್ಚರಿಸುತ್ತಿದ್ದರು.

ಮೇಸ್ತ್ರಿಗಳು ಇನ್ನೂ ಅಡಿ ಅಂಗುಲದಲ್ಲೇ ಮಾತಾಡುವುದು ನಮಗೆ ಅನುಕೂಲವೇ ಆಯಿತು. 24ನೇ ಒಂದು ಪಾಲು ಎಂದರೆ ಅಡಿಗೆ ಅರ್ಧ ಅಂಗುಲ. 22 ಅಡಿ ಉದ್ದದ ಮೈ 11 ಅಂಗುಲ, 8 ಅಡಿ ಅಗಲ 4 ಅಂಗುಲ. ಐದನೆಯ ತರಗತಿಯ ಮಗುವೂ ಲೆಕ್ಕ ಹಾಕೀತು. ಆದರೆ ಕಷ್ಟವಿರುವುದು ಉದ್ದಗಲದಲ್ಲಲ್ಲ, ದಪ್ಪದಲ್ಲಿ. ಒಂದಂಗುಲ ದಪ್ಪದ ಹಲಗೆ ಈ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಆಗುತ್ತದೆ. ಎಲ್ಲರೂ ಐಸ್‌ಕ್ರೀಂ ಕಡ್ಡಿಯಿಂದ ಮಾಡಿ ಎಂದು ಸಲಹೆ ಕೊಡುತ್ತಾರೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಆ ಕಡ್ಡಿಯನ್ನು ಹಚ್ಚಿದರೆ ಲಾರಿ ಕೋಟೆಯ ಬಾಗಿಲಿನಂತೆ ಕಾಣುತ್ತದೆ. ಒಂದು ಮಿಲಿಮೀಟರಿನ ಗಟ್ಟಿ ರಟ್ಟು, ಅದರ ಮೇಲೆ ಸೂಜಿಯಿಂದ ಗೀರಿದ ಮರದ ನಾರು, ಇದೇ ಸರಿ.

ರಟ್ಟಿನ ವಿಷಯದಲ್ಲಿ ನಾವು ಬುದ್ಧಿ ಕಲಿತದ್ದು ನಷ್ಟದಿಂದ. ಮೊದಲ ಲಾರಿಯನ್ನು ಮೈದಾ ಅಂಟಿನಿಂದ ಕೂಡಿಸಿದ್ದೆವು. ಕಾಳು ನದಿಯ ಕಡೆಯಿಂದ ಬೀಸುವ ಆಷಾಢದ ತೇವಕ್ಕೆ ಅದು ಉಬ್ಬಿ, ಬೂಸಲು ಹಿಡಿದು, ಶ್ರಾವಣದ ಹೊತ್ತಿಗೆ ಹುಳುಗಳ ಪಾಲಾಯಿತು. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು ಏಕೆಂದು ಆಗ ತಿಳಿಯಿತು. ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಈಗ ಮರದ ಅಂಟು ಬಳಸಿ, ಕೂಡಿಸುವ ಮೊದಲೇ ರಟ್ಟಿನ ಎರಡೂ ಮೈಗೆ ವಾರ್ನಿಷ್ ಬಳಿಯುತ್ತೇವೆ. ಚಾಸಿಗೆ ಮಾತ್ರ ಹೆಸರಿನ ಫಲಕ ಮಾಡುವವರ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡಿನ ತುಂಡುಗಳು. ಅದಕ್ಕೆ ನೀರಿನ ಭಯವಿಲ್ಲ.

ಮೂತಿಯ ದುಂಡು ಮೂಲೆಗಳಿಗೆ ಊರಿನ ವಿದ್ಯೆಯೇ ನೆರವಾಯಿತು. ಕೊಪ್ಪಳದ ಕಿನ್ನಾಳದ ಗೊಂಬೆ ಮಾಡುವವರು ಗೋಣಿಯ ಚಿಂದಿ, ಮರದ ಪುಡಿ, ಹುಣಸೆಬೀಜದ ಅಂಟು ಕಲಸಿ ‘ಕಿಟ್ಟ’ ಎಂಬ ಮುದ್ದೆ ಮಾಡುತ್ತಾರೆ. ನಾವು ಗೋಣಿ ಬಿಟ್ಟು ಉಳಿದೆರಡನ್ನು ಕಲಸಿ ಮೆತ್ತಿ, ಒಣಗಿದ ಮೇಲೆ ಮರಳುಕಾಗದದಿಂದ ತಿಕ್ಕಿದೆವು. ಅಂಗಡಿಯ ಪುಟ್ಟಿಗಿಂತ ಚೆನ್ನಾಗಿ ಕೂತಿತು.

ಗಾಲಿಗಳೆಂದರೆ ಹವಾಯಿ ಚಪ್ಪಲಿ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಆದರೆ ಇಲ್ಲಿ ಸವೆದ ಚಪ್ಪಲಿಯೇ ಬೇಕು. ಲಾರಿಯ ಟೈರು ಸುಮಾರು 27 ಸೆಂಟಿಮೀಟರ್ ಅಗಲ, ಅಂದರೆ ನಮ್ಮಲ್ಲಿ 11 ಮಿಲಿಮೀಟರ್. ಹೊಸ ಚಪ್ಪಲಿ ಅದಕ್ಕಿಂತ ದಪ್ಪ. ಹೀಗಾಗಿ ಯಾರ ಚಪ್ಪಲಿ ಎಷ್ಟು ಸವೆದಿದೆ ಎಂದು ಬಾಗಿಲಲ್ಲಿ ಬಗ್ಗಿ ನೋಡುವ ಕೆಟ್ಟ ಅಭ್ಯಾಸ ನಮಗೆ ಅಂಟಿಕೊಂಡಿದೆ. ಒಂದು ಜೊತೆಯಲ್ಲಿ ಹತ್ತು ಗಾಲಿಯೂ ಒಂದು ಸ್ಟೆಪ್ನಿಯೂ ಹೊರಡುತ್ತವೆ. ಅಂದಹಾಗೆ, ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಅಲ್ಲಿ ಹೆಚ್ಚುವರಿ ಗಾಲಿಯನ್ನು ಮೊದಲು ತಯಾರಿಸಿದರು. ಅಲ್ಲಿಯವರು ಮರೆತ ಹೆಸರನ್ನು ನಮ್ಮ ಕ್ಲೀನರುಗಳು ಕಾಪಾಡಿಕೊಂಡು ಬಂದಿದ್ದಾರೆ.

ಬಣ್ಣದ ಬಗ್ಗೆ ಒಂದು ಮಾತು. ಊರೂರು ಸುತ್ತುವ ಲಾರಿಗಳೆಲ್ಲ ಕಂದು ಬಣ್ಣದವೇಕೆ ಎಂದು ನಮಗೆ ಬಹಳ ದಿನ ತಿಳಿದಿರಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗೆ ಒಣ ಎಲೆಯ ಕಂದು ಬಣ್ಣ, 30 ಸೆಂಟಿಮೀಟರ್ ಅಗಲದ ಬಿಳಿಯ ಅಂಚು, 60 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ‘ನ್ಯಾಷನಲ್ ಪರ್ಮಿಟ್’ ಎಂಬ ಬರಹ ಎಂದು ವಿಧಿಸಲಾಯಿತು. ಸರಕಾರಿ ನಿಯಮದಲ್ಲಿ ಒಣ ಎಲೆ ಉದುರಿರುವುದನ್ನು ಕಂಡು ನಮಗೆ ಸಂತೋಷವೇ ಆಯಿತು. ಬಣ್ಣ ಹೊಳೆಯಬಾರದು, ಹೊಳೆದರೆ ಆಟಿಕೆ. ಬಣ್ಣದ ಸೀಮೆಸುಣ್ಣವನ್ನು ಪುಡಿಮಾಡಿ ಮೆತ್ತನೆಯ ಕುಂಚದಿಂದ ಧೂಳು ಹಚ್ಚಬೇಕು. ಹಾವೇರಿಯ ಕಡೆಯ ಎರೆಮಣ್ಣಿಗೆ ಕಪ್ಪು ಬೂದು, ಗಾಲಿಯ ಸುತ್ತ ಮಾತ್ರ ಹೆಚ್ಚು.

ಹಿಂಬದಿಯ ಹಲಗೆಯ ಮೇಲೆ ಏನು ಬರೆಯುವುದೆಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ‘ಹಾರ್ನ್ ಓಕೆ ಪ್ಲೀಸ್’ ಇಲ್ಲದ ಲಾರಿ ಕುಂಕುಮವಿಲ್ಲದ ಹಣೆ ಎಂದು ಒಂದು ಪಕ್ಷ. ಸುಮ್ಮನೆ ಹಾರ್ನ್ ಬಾರಿಸಲು ಪ್ರೇರೇಪಿಸುತ್ತದೆಂದು 2015ರಲ್ಲಿ ಮಹಾರಾಷ್ಟ್ರ ಸರಕಾರ ಆ ಬರಹವನ್ನು ನಿಷೇಧಿಸಿತಲ್ಲ, ನಾವು ಇರುವುದು ಮಹಾರಾಷ್ಟ್ರದಲ್ಲಿ ಎಂದು ಮಗಳ ಪಕ್ಷ. ಲಾರಿಯೇನೋ ಕರ್ನಾಟಕದ್ದು. ಕೊನೆಗೆ ಬರೆದು, ಮೇಲೆ ಧೂಳು ಹಚ್ಚಿ ಅರ್ಧ ಅಳಿಸಿದೆವು.

ಆಯುಧಪೂಜೆಯ ದಿನ ಲಾರಿ ಮುಗಿಯಿತು. ಸಾಸಿವೆಯಷ್ಟು ನಿಂಬೆಹಣ್ಣು, ದಾರದ ಎಳೆಯ ಮೆಣಸಿನಕಾಯಿ ಕಟ್ಟಿ, ಟೇಪು ಕತ್ತರಿಗಳ ಪಕ್ಕದಲ್ಲಿಟ್ಟು ಪೂಜೆ ಮಾಡಿ, ಚಿತ್ರ ತೆಗೆದು ಚಾಲಕರಿಗೆ ಫೋನಿನಲ್ಲಿ ಕಳಿಸಿದೆವು. ಹೊಗಳಿಕೆಯನ್ನು ನಿರೀಕ್ಷಿಸಿದ್ದೆವೆಂದು ಒಪ್ಪಿಕೊಳ್ಳುತ್ತೇವೆ. ಮರುದಿನ ಅವರ ದನಿ ಬಂತು: “ಲಾರಿ ಚಂದ ಆಗೇತ್ರಿ. ಆದ್ರ ನಾವು ಉಣ್ಣೂದೆಲ್ಲಿ? ಅಡಗಿ ಪೆಟಗಿ ಎಲ್ಲೈತಿ? ನೀರಿನ ಕ್ಯಾನ್ ಎಲ್ಲೈತಿ?”

ನಮಗೆ ನಾಚಿಕೆಯಾಯಿತು. ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸಿ ಎಣಿಸಿ ಅಂಟಿಸಿದವರು, ಮೈಯ ಕೆಳಗೆ ಪಕ್ಕದಲ್ಲಿ ತೂಗುತ್ತಿದ್ದ ಪೆಟ್ಟಿಗೆಯನ್ನು ಸಾಮಾನಿನ ಪೆಟ್ಟಿಗೆಯೆಂದು ತಿಳಿದು ಬಿಟ್ಟುಬಿಟ್ಟಿದ್ದೆವು. ಸ್ಟವ್ವು, ರೊಟ್ಟಿಯ ಗಂಟು, ಖಾರಪುಡಿಯ ಡಬ್ಬಿ ಎಲ್ಲ ಅದರಲ್ಲೇ. ಇಬ್ಬರು ಮನುಷ್ಯರು ತಿಂಗಳಲ್ಲಿ ಇಪ್ಪತ್ತು ದಿನ ಬಾಳುವ ಮನೆಗೆ ನಾವು ಅಡಿಗೆಮನೆಯನ್ನೇ ಕಟ್ಟಿರಲಿಲ್ಲ.

ಬೆಂಕಿಪೆಟ್ಟಿಗೆಯೊಂದು 24ನೇ ಪಾಲಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಅಡಿ ಉದ್ದದ ಪೆಟ್ಟಿಗೆ. ಅಳತೆ ಸರಿಹೋಯಿತು. ಅದರೊಳಗೆ ಟಿಚ್ ಬಟನ್ನಿನ ಸ್ಟವ್ವು ಇಟ್ಟು ಮುಚ್ಚಳ ಅಂಟಿಸಹೋದರೆ ಮಗಳು ಬಿಡಲಿಲ್ಲ, ಮುಚ್ಚಳ ತೆರೆಯಲೇಬೇಕೆಂದಳು. ಬಟ್ಟೆಯ ಪಟ್ಟಿಯಿಂದ ಕೀಲು ಮಾಡಬೇಕಾಯಿತು.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕದಲ್ಲೇ ಬೇಯುವವರಿಗೆ ಇದು ಎಂದೋ ಆಗಬೇಕಿತ್ತು. ಮರದ ಕ್ಯಾಬಿನ್ ಹೋಯಿತೆಂದು ಕಪಾಟಿನ ಮುಂದೆ ಕುಳಿತು ಮರುಗುವ ಹಕ್ಕು ನಮಗಿಲ್ಲ. ನಮ್ಮ ಚಾಲಕರ ಮಾಲಕರೂ ಹಳೆಯ ಗಾಡಿ ಮಾರಿ ಹೊಸದು ತಂದಿದ್ದಾರೆ. ಕಳೆದ ತಿಂಗಳು ಅದರ ಚಿತ್ರ ಬಂತು. ಕಾರ್ಖಾನೆಯಲ್ಲೇ ಆದ ಉಕ್ಕಿನ ಕ್ಯಾಬಿನ್, ಮುಚ್ಚಿದ ಗಾಜು, ಬಿಳಿಯ ಬಣ್ಣ. ಮೈಯ ಕೆಳಗೆ, ಅದೇ ಎಡಪಕ್ಕದಲ್ಲಿ, ಒಣ ಎಲೆಯ ಬಣ್ಣದ ಹಳೆಯ ಪೆಟ್ಟಿಗೆ. ಮುಂದಿನ ಭಾನುವಾರ ವಾಶಿಗೆ ಬರುತ್ತಾರಂತೆ. ಟೇಪು ತರಲು ಹೇಳಿದ್ದಾರೆ.